ಒಂದು ಕಾಯಿ ಕೇಳಿದರು

ನಮ್ಮ ಹಿತ್ತಲಲ್ಲಿ ಇರೋದು ಒಂದೇ ತೆಂಗಿನ ಮರ. ಆದರೂ ಹೆಂಡತಿ ಅಡುಗೆಮನೆಯಿಂದ, "ಚಟ್ನಿಗೊಂದು ಕಾಯಿ ಸುಲುದ್ಕೊಡಿ" ಅಂತ ಕೂಗಿದಾಗಲೆಲ್ಲ ನಾನು ಹಾರೆಯ ಪಕ್ಕ ನಿಂತು, "ಯಾವ ಕಾಯಿ?" ಅಂತ ಕೇಳುತ್ತೇನೆ. ಅವಳು ಹೇಳುತ್ತಾಳೆ. ನಾನು ಕಾಯಿ ಎತ್ತಿಕೊಂಡು, "ಇದೇನಾ?" ಅನ್ನುತ್ತೇನೆ. ಸುಲಿಯುವ ಮುಂಚೆ ಮತ್ತೊಂದು ಸಲ, "ಒಂದೇ ತಾನೆ?" ಅನ್ನುತ್ತೇನೆ.

ಮದುವೆಯಾದ ಹೊಸದರಲ್ಲಿ ನಗುತ್ತಿದ್ದಳು. ಈಗ ನಗುವುದಿಲ್ಲ. "ಇರೋದೊಂದು ಮರ, ಬಿದ್ದಿರೋದು ನಾಲ್ಕು ಕಾಯಿ, ಇದಕ್ಕೂ ಪಂಚಾಯ್ತಿ ಸೇರಿಸ್ಬೇಕೇನ್ರೀ?" ಅನ್ನುತ್ತಾಳೆ. ಬಂದ ನೆಂಟರೆದುರು ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಆ ಮೂರು ಪ್ರಶ್ನೆ ನಾನು ಕಲಿತಿದ್ದು ಎಲ್ಲಿ ಅಂತ ಅವಳಿಗೆ ಅರ್ಧ ಗೊತ್ತು. ಪೂರ್ತಿ ಹೇಳುವುದಕ್ಕೆ ಇಷ್ಟು ವರ್ಷ ನನ್ನ ಮೀಸೆ ಅಡ್ಡ ಬಂದಿತ್ತು. ಮೀಸೆ ಈಗ ಬೆಳ್ಳಗಾಗಿದೆ, ಹೇಳಬಹುದು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬಿಟ್ಟೆ ಅನ್ನುವುದಕ್ಕಿಂತ, ನಾನೂ ಸ್ಕೂಲೂ ಒಬ್ಬರನ್ನೊಬ್ಬರು ಬಿಟ್ಟೆವು ಅನ್ನಬೇಕು. ಮದ್ದೂರಿನ ಒಂದು ಕಾಯಿ ಮಂಡಿಯಲ್ಲಿ ಸುಲಿಯುವ ಕೆಲಸಕ್ಕೆ ಸೇರಿದೆ. ನೆಲಕ್ಕೆ ನೆಟ್ಟ ಹಾರೆ ನನ್ನ ಎದೆಯೆತ್ತರ ಇತ್ತು. ಮಂಡಿ ಸಾಹುಕಾರ ಎದುರಿಗೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಸುಲಿಯುವಾಗ ಕಾಯಿಯ ಜುಟ್ಟು ಕಿತ್ತು ಬಂತೋ, ಅಡಿಪಟ್ಟಿಯಿಂದ ಬೆರಳ ಗಂಟಿನ ಮೇಲೆ ಒಂದು ಏಟು. ಜುಟ್ಟು ಹೋದ ಕಾಯಿ ಬೇಗ ಕೆಡುತ್ತದೆ, ನೋಡಿ. ಒಂದು ವರ್ಷದಲ್ಲಿ ನನ್ನ ಕೈಗೆ ಎಷ್ಟು ಬುದ್ಧಿ ಬಂತೆಂದರೆ, ಕಣ್ಣು ಮುಚ್ಚಿ ಸುಲಿದರೂ ಜುಟ್ಟು ನಿಲ್ಲುತ್ತಿತ್ತು. ಮೂರು ಕುಕ್ಕು, ಮೂರು ತಿರುಗು, ಮಟ್ಟೆ ಎಡಗಡೆಗೆ, ಕಾಯಿ ಬಲಗಡೆಗೆ. ಹದಿನೈದು ವರ್ಷದವನಾದಾಗ ಮಂಡಿಯಲ್ಲಿ ನನ್ನಷ್ಟು ಬೇಗ ಸುಲಿಯುವವರು ಇರಲಿಲ್ಲ. ತಲೆಗೆ ಹತ್ತದ ವಿದ್ಯೆ ಕೈಗೆ ಹತ್ತಿತ್ತು. ಅದರ ಕೊಬ್ಬೂ ಹತ್ತಿತ್ತು.

ಆಮೇಲೆ ಸೈಕಲ್ ರಿಪೇರಿ ಅಂಗಡಿ ಸೇರಿದೆ. ಅಲ್ಲಿಗೆ ಒಂದು ದಿನ ಕಾಲೇಜು ಹುಡುಗನೊಬ್ಬ ಬಂದ. ಒಬ್ಬನೇ ಸೈಕಲ್ಲಿನಲ್ಲಿ ನಾಡು ಸುತ್ತುತ್ತಿದ್ದಾನಂತೆ. ಕೊರಳಲ್ಲಿ ಬಾಡಿದ ಹಾರ, ಕೈಯಲ್ಲೊಂದು ದಪ್ಪ ಪುಸ್ತಕ. ಹೋದ ಊರಲ್ಲೆಲ್ಲ ದೊಡ್ಡವರು ಅದರಲ್ಲಿ ನಾಲ್ಕು ಮಾತು ಬರೆದು ರುಜು ಹಾಕಿದ್ದರು. ನಾನು ಅವನ ಚೈನಿಗೆ ಎಣ್ಣೆ ಬಿಡುತ್ತಿದ್ದೆ, ಊರಿನವರು ಅವನಿಗೆ ದೋಸೆ ತಿನ್ನಿಸುತ್ತಿದ್ದರು. ನನಗೆ ಉರಿಯಿತು. ಸೈಕಲ್ ತುಳಿಯುವುದಕ್ಕೂ ಡಿಗ್ರಿ ಬೇಕೇನು?

ಎರಡು ತಿಂಗಳಲ್ಲಿ ಹೊರಟೆ. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ, ಮುಂಗಾರು ಇನ್ನೂ ಹಿಡಿದಿರಲಿಲ್ಲ. ಮದ್ದೂರಿನಿಂದ ಹಂಪಿಗೆ. ನೂರು ಹಾಳೆಯ ನೋಟ್‌ಬುಕ್ಕು, ಒಂದು ಪಂಪು, ಒಂದು ಜಮಖಾನ. ಆ ಕಾಲೇಜು ಹುಡುಗನಿಗಿಂತ ನಾನು ಒಂದು ಕೈ ಮೇಲೆ ಅನ್ನಿಸಿಕೊಳ್ಳಬೇಕಲ್ಲ, ಅದಕ್ಕೇ ಒಂದು ನಿಯಮ ಮಾಡಿಕೊಂಡಿದ್ದೆ: ಯಾರ ಮನೆಯಲ್ಲೂ ಬಿಟ್ಟಿ ಉಣ್ಣಬಾರದು. ಉಂಡ ಮನೆಗೆ ಕೆಲಸ ಮಾಡಿಕೊಟ್ಟೇ ಏಳಬೇಕು. ಮೊದಲ ರಾತ್ರಿ ಮಾಯಸಂದ್ರದ ಹತ್ತಿರ ಒಬ್ಬರ ಮನೆಯಲ್ಲಿ ಉಂಡು ಒಂದು ಬಂಡಿ ಸೌದೆ ಸೀಳಿಕೊಟ್ಟೆ. ಅವರು ಪುಸ್ತಕದಲ್ಲಿ 'ಶುಭವಾಗಲಿ' ಅಂತ ಬರೆದುಕೊಟ್ಟರು. ನಾನು ಬೀಗಿದೆ.

ಎರಡನೇ ದಿನ ತುರುವೇಕೆರೆ ಬಿಟ್ಟು, ದಬ್ಬೇಘಟ್ಟ ದಾಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ರಸ್ತೆಯ ಎರಡೂ ಕಡೆ ತೆಂಗಿನ ತೋಟ. ಮೇಲೆ ನೆರಳು, ಕೆಳಗೆ ಧೂಳು. ಒಂದು ಸಣ್ಣ ಊರಿನ ತಲೆಬಾಗಿಲಲ್ಲೇ ಒಂದು ಹೆಂಚಿನ ಮನೆ. ಮನೆಯ ಮುಂದೆ ತಲೆಯಿಲ್ಲದ ಒಂದು ತೆಂಗಿನ ಮರ, ಬರೀ ಕಾಂಡ, ಮೇಲಿನ ಅರ್ಧ ಇದ್ದಿಲಿನಂತೆ ಕಪ್ಪಾಗಿತ್ತು. ಸೈಕಲ್ ಒರಗಿಸಲಿಕ್ಕೆ ಚೆನ್ನಾಗಿದೆ ಅಂತ ಅದಕ್ಕೇ ಒರಗಿಸಿ ನೀರು ಕೇಳಿದೆ.

ಮನೆಯಾಕೆ ಗುರುಸಿದ್ದಮ್ಮ. ಹಣೆ ತುಂಬ ವಿಭೂತಿ, ಐವತ್ತರ ಆಚೀಚೆ. ನೀರು ಕೇಳಿದರೆ ಮಜ್ಜಿಗೆ ತಂದರು. ನಾನು ಪುಸ್ತಕ ತೆಗೆದು ಯಾತ್ರೆಯ ವಿಷಯ ಹೇಳಿದೆ.

"ಹಂಪೆಗಾ? ಸೈಕಲ್ನಾಗಾ? ನಿಮ್ಮವ್ವ ಬುಟ್ಟಳೇನಪ್ಪ?" ಅಂದರು. "ನಂಗೆ ಓದು ಬರಾಕಿಲ್ಲ. ಯಜಮಾನ್ರು ಹಳ್ಳದಿಂದ ಮರ್ಳು ತರಾಕೆ ಗಾಡಿ ಕಟ್ಕಂಡೋಗವ್ರೆ. ಬಂದ್ಮ್ಯಾಗೆ ಬರೀತಾರೆ. ಉಂಡ್ಕಂಡು ಬಿಸ್ಲು ಇಳುದ್ಮೇಲೆ ಹೋಗುವಂತೆ." ಪುಸ್ತಕವನ್ನು ಒಳಗೆ ತೆಗೆದುಕೊಂಡು ಹೋಗಿ, ದೇವರ ಗೂಡಿನ ಪಕ್ಕ ಇಟ್ಟರು.

"ಸುಮ್ನೆ ಉಣ್ಣಾಕಿಲ್ಲ ಕನಮ್ಮ. ಏನಾರ ಕೆಲ್ಸ ಕೊಡಿ" ಅಂದೆ.

"ಬಿಸ್ಲಾಗೆ ಬಂದಿದೀಯ, ಕುತ್ಕ."

"ಇಲ್ಲ ಕನಮ್ಮ, ನಂದೊಂದು ನೇಮ."

ಅವರಿಗೆ ನಗು ಬಂತು. "ಸರಿ ಹಂಗಾರೆ, ಚಟ್ನಿಗೊಂದು ಕಾಯಿ ಸುಲುದ್ಕೊಡು" ಅಂತ ಹೇಳಿ ಒಲೆ ಊದಲಿಕ್ಕೆ ಒಳಗೆ ಹೋದರು.

ಕಾಯಿ! ಬೇರೆ ಏನು ಹೇಳಿದ್ದರೂ ಕೇಳಿಕೊಂಡು ಮಾಡುತ್ತಿದ್ದೆನೇನೋ. ಕಾಯಿ ಸುಲಿಯುವುದನ್ನು ನನಗೆ ಯಾರು ಹೇಳಿಕೊಡಬೇಕು? ಮನೆಯ ಮಗ್ಗುಲಲ್ಲಿ ಹಾರೆ ನೆಟ್ಟಿತ್ತು. ಅದರ ಹತ್ತಿರವೇ ಚಪ್ಪರದ ನೆರಳಲ್ಲಿ ಇಪ್ಪತ್ತು ಕಾಯಿ ಇದ್ದವು. ಒಂದೊಂದೂ ಮಗುವಿನ ತಲೆಯಷ್ಟು ದುಂಡಗೆ, ಒಂದೇ ಅಚ್ಚಿನಲ್ಲಿ ಎರೆದಂತೆ. ತೊಟ್ಟು ಮೇಲಾಗಿ, ಎರಡು ಸಾಲಾಗಿ ಕೂರಿಸಿದ್ದರು. ನೀವೇ ಹೇಳಿ, ಸುಲಿಯುವ ಕಾಯಿಯನ್ನು ಯಾರಾದರೂ ಪಂಕ್ತಿಗೆ ಕೂರಿಸಿದ ಹಾಗೆ ಕೂರಿಸುತ್ತಾರಾ? ಕೊಟ್ಟಿಗೆಯ ಗೋಡೆಗೆ ಆತು ಇನ್ನೊಂದು ರಾಶಿ ಬಿದ್ದಿತ್ತು, ದೊಡ್ಡದು ಚಿಕ್ಕದು ಎಲ್ಲ ಸೇರಿದ್ದು. ಅದನ್ನೂ ನೋಡಿದೆ. ಆದರೆ ಒಳ್ಳೆಯ ಕೆಲಸಗಾರನ ಕಣ್ಣು ಒಳ್ಳೆಯ ಕಾಯಿಯ ಮೇಲೇ ಹೋಗುತ್ತದಲ್ಲ.

ಒಂದು ಸುಲಿದೆ. ಕೈಗೆ ಹಿತವಾಗಿತ್ತು. ಒಂದಕ್ಕೆ ನಿಲ್ಲಿಸಿದರೆ ಈ ಅಮ್ಮನಿಗೆ ನನ್ನ ಕಸುಬು ಗೊತ್ತಾಗುವುದು ಹೇಗೆ? ಉಣ್ಣುವ ಮುದ್ದೆಗೆ ಒಂದೇ ಕಾಯಿಯಾ? ಎರಡನೆಯದು ಎತ್ತಿಕೊಂಡೆ, ಮೂರನೆಯದು. ಆಮೇಲೆ ಕೈ ತಾನೇ ಓಡಿತು. ಮಂಡಿಯಲ್ಲಿ ಹಾಡಿಕೊಳ್ಳುತ್ತಿದ್ದ ಯಾವುದೋ ರಾಗವೂ ಬಾಯಿಗೆ ಬಂತು.

ಗುರುಸಿದ್ದಮ್ಮ ಹೊಗೆಗೆ ಕಣ್ಣೊರೆಸಿಕೊಂಡು ಹೊರಗೆ ಬಂದಾಗ ಹದಿನಾಲ್ಕು ಆಗಿತ್ತು. ಹದಿನೈದನೆಯದು ನನ್ನ ಕೈಯಲ್ಲಿತ್ತು.

ಅವರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಹೊಸಿಲ ಮೇಲೆ ಹಾಗೇ ಕುಸಿದು ಕೂತರು.

"ಒಂದು ಅಂದಿದ್ದೆ ಕಣಪ್ಪ" ಅಂದರು.

"ಇನ್ನಾರು ಅಷ್ಟೇ ಕನಮ್ಮ, ಒಂದು ಗಳಿಗೆ" ಅಂದೆ ನಾನು. ಆ ಮಾತು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

"ಅದ ಕೆಳ್ಗಿಡು. ಬಿತ್ತನೆ ಕಾಯಿ ಕಣಪ್ಪ ಅವು. ನಮ್ಮತ್ತೆ ಮರದ್ವು. ಯುಗಾದಿ ಆದ್ಮೇಲೆ ಮರಕ್ಕೆ ಸಿಡ್ಲು ಬಡೀತು. ಅದ್ರಾಗೆ ಬಲಿತಿದ್ವು ಇವಿಷ್ಟೇ ಉಳುದಿದ್ದು. ಇವತ್ತು ಪಾತಿಗಾಕಾನ ಅಂತ ಮರ್ಳು ತರಾಕೋಗವ್ರೆ."

ಬಿತ್ತನೆ ಕಾಯಿಗೆ ಮಟ್ಟೆಯೇ ಜೀವ. ಮಟ್ಟೆ ನೀರು ಹಿಡಿದಿಟ್ಟುಕೊಂಡರೆ ತಾನೆ ಒಳಗಿನ ಮೊಳಕೆ ಹೊರಗೆ ಬರುವುದು. ಸುಲಿದ ಕಾಯಿಯನ್ನು ಚಟ್ನಿಗೆ ಹಾಕುತ್ತಾರೆ, ದೇವರಿಗೆ ಒಡೆಯುತ್ತಾರೆ. ನೆಲಕ್ಕೆ ಯಾರೂ ಹಾಕುವುದಿಲ್ಲ.

ನಾನು ತಿರುಗಿ ನೋಡಿದೆ. ಆ ಕರಿ ಮರಕ್ಕೇ ನನ್ನ ಸೈಕಲ್ ಒರಗಿತ್ತು.

ಅಷ್ಟರಲ್ಲಿ ನಮ್ಮ ಮಾತು ಕೇಳಿಸಿಕೊಂಡು ಪಕ್ಕದ ಮನೆಯ ಮುದುಕ ಸಣ್ಣೀರಪ್ಪ ಬಂದ. ಎಲೆಅಡಿಕೆ ಅಗಿಯುತ್ತ, ಸುಲಿದ ಕಾಯಿಗಳನ್ನೂ ನನ್ನನ್ನೂ ಒಂದೊಂದಾಗಿ ನೋಡಿದ.

"ಮಂಡ್ಯದ ಕಡೆಯೋನೇನ್ಲಾ? ಮಾತ್ನಾಗೇ ಗೊತ್ತಾಯ್ತು. ಚಕ್ರದಾಗೆ ಗಾಳಿ ಐತಾ?"

"ಐತೆ ತಾತ."

"ಹಂಗಾರೆ ಇನ್ನೂ ಯಾಕ್ಲಾ ನಿಂತಿದೀಯ? ಹಿಂದೊಂದ್ಸತಿ ಯಾವನೋ ಆ ಮರ ಹತ್ತಿ ಎಳ್ನೀರು ಕಿತ್ತಿದ್ದ. ಈ ಮನೆ ಯಜಮಾನ ನಂಜುಂಡಪ್ಪ ಅವನ್ನ ತುರ್ವೇಕೆರೆ ಗಂಟ ಅಟ್ಟಿಸ್ಕಂಡೋಗಿದ್ದ. ಅವನು ಕಿತ್ತಿದ್ದು ಎರಡೇ ಎಳ್ನೀರು ಕಣ್ಲಾ. ಹೊನ್ನವಳ್ಳಿಯೋರು ಬಂದು ಬಂದು ಈ ಮರದ ಸಸಿ ಒಯ್ತಿದ್ರು. ಗೊನೆ ಹಿಡುದ್ರೆ ಗರಿ ಕಾಣ್ತಿರ್ನಿಲ್ಲ."

"ಹೆದರಿಸ್ಬ್ಯಾಡ ಸುಮ್ಕಿರಣ್ಣ" ಅಂದರು ಗುರುಸಿದ್ದಮ್ಮ. ಅವರ ದನಿಯೇ ಹೆದರಿತ್ತು. "ನಾನೇ ಯಾವ ಕಾಯಿ ಅಂತ ತೋರ್ಸಬೇಕಾಗಿತ್ತು. ನನ್ನೂ ಬುಡಾಕಿಲ್ಲ ಅವ್ರು."

ನಿಜ ಹೇಳುತ್ತೇನೆ, ಓಡಬೇಕು ಅನ್ನಿಸಿತು. ರಸ್ತೆ ಹತ್ತು ಮಾರು ದೂರ. ಪುಸ್ತಕ ಒಳಗಿದ್ದರೆ ಇರಲಿ, ಅದರಲ್ಲಿ ಇದ್ದದ್ದು ಒಂದೇ 'ಶುಭವಾಗಲಿ'. ಸೈಕಲ್ ಹತ್ತಿರ ಹೋಗಿ ಹ್ಯಾಂಡಲ್ ಹಿಡಿದೂ ಹಿಡಿದೆ. ಆದರೆ ಹೊಸಿಲ ಮೇಲೆ ಕೂತ ಆ ಹೆಂಗಸು ನನ್ನನ್ನು ತಡೆಯಲಿಲ್ಲ. ಹೋಗು ಅನ್ನಲೂ ಇಲ್ಲ. ನಾನು ಹೋದರೆ ಗಾಡಿ ಬಂದಾಗ ಉತ್ತರ ಹೇಳಬೇಕಾದವರು ಅವರೊಬ್ಬರೇ. ಪಂಪು ಸರಿಮಾಡುವ ಹಾಗೆ ನಟಿಸಿ ವಾಪಸ್ ಬಂದೆ. ಸಣ್ಣೀರಪ್ಪ ಎಲೆರಸ ಉಗಿದು, "ಹೂಂ" ಅಂದ. ಹೊಗಳಿದನೋ, ಮರುಕಪಟ್ಟನೋ.

ಎಷ್ಟು ಹೊತ್ತು ಕೂತಿದ್ದೆವೋ. ಒಲೆಯ ಮೇಲೆ ಹುರುಳಿ ಸಾರು ಕುದಿದು ಕುದಿದು ಹತ್ತಿದ ವಾಸನೆ ಬಂತು. ಯಾರೂ ಏಳಲಿಲ್ಲ. ಆಮೇಲೆ ದೂರದಲ್ಲಿ ಗಾಡಿಯ ಸದ್ದು. ಮರಳು ತುಂಬಿದ ಗಾಡಿ ಎಷ್ಟು ನಿಧಾನಕ್ಕೆ ಬರುತ್ತದೆ ಅಂತ ಅವತ್ತು ತಿಳಿಯಿತು.

ನಂಜುಂಡಪ್ಪ ಎತ್ತರದ ಆಳು. ಎತ್ತು ಬಿಚ್ಚಿದರು, ಕಟ್ಟಿದರು, ನೀರು ಕುಡಿಸಿದರು, ಬೆನ್ನು ಸವರಿದರು. ಹೆಗಲ ಟವಲಿನಿಂದ ಮುಖ ಒರೆಸಿಕೊಂಡರು. ಅಷ್ಟೆಲ್ಲ ಆದ ಮೇಲೆ ಚಪ್ಪರದ ಕಡೆ ತಿರುಗಿದರು.

"ಯಾರು ಮಾಡಿದ್ದು?"

"ನಾನೇ ಹೇಳಿದ್ದು..." ಅಂತ ಗುರುಸಿದ್ದಮ್ಮ ಎದ್ದರು.

"ನೀನು ಸುಮ್ಕಿರೇ. ಯಾರು ಮಾಡಿದ್ದು ಅಂದೆ."

"ನಾನು ಕನಣ್ಣ" ಅಂದೆ. "ಅಮ್ಮ ಒಂದು ಅಂದ್ರು. ನಾನು ಕೇಳ್ನಿಲ್ಲ. ನನ್ನ ದೌಲತ್ತಿಗೆ ಸುಲ್ದೆ."

ಅವರು ನನ್ನತ್ತ ಬಂದರು. ಏಟಿಗೆ ನಾನು ಕೆನ್ನೆ ಗಟ್ಟಿ ಮಾಡಿಕೊಂಡೆ. ಅವರು ನನ್ನನ್ನು ದಾಟಿ ಹೋಗಿ, ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ನೀರು ತುಳುಕಿತು. ಇನ್ನೊಂದು. ಮತ್ತೊಂದು. ಹದಿನಾಲ್ಕನ್ನೂ ಹಾಗೇ ನೋಡಿದರು. ಒಂದರ ಚಿಪ್ಪಿಗೆ ಹಾರೆ ತಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದನ್ನು ಬೇರೆ ಇಟ್ಟರು. ಆಮೇಲೆ ಕಾಯಿಯ ತಲೆಯನ್ನು ಹೆಬ್ಬೆರಳಲ್ಲಿ ಸವರಿದರು.

"ಜುಟ್ಟು ಬುಟ್ಟಿದೀಯ."

"ಹೂಂ ಕನಣ್ಣ."

"ಎಲ್ಲದಕ್ಕೂ ಬುಟ್ಟಿದೀಯ. ಯಾಕೆ?"

"ಹಂಗೇ ಕಲ್ತಿದ್ದು. ಜುಟ್ಟು ಕಿತ್ರೆ ಮಂಡಿ ಸಾವ್ಕಾರ ಬೆರಳಿಗೆ ಹೊಡೀತಿದ್ದ."

ಅವರು ಕೈಯಲ್ಲಿದ್ದ ಕಾಯಿಯನ್ನು ಮೆಲ್ಲಗೆ ಕೆಳಗಿಟ್ಟರು. ಮೊಳಕೆ ಒಡೆಯುವ ಕಣ್ಣು ಆ ಜುಟ್ಟಿನ ಅಡಿಯಲ್ಲೇ ಇರುವುದು. "ಆ ಪುಣ್ಯಾತ್ಮ ಇನ್ನೂ ನಾಕು ಜಾಸ್ತಿ ಹೊಡೀಬೇಕಾಗಿತ್ತು" ಅಂದರು. "ಕುತ್ಕ. ಯಾವುದ್ರ ಮಟ್ಟೆ ಯಾವುದಕ್ಕೆ ಅಂತ ಹೊಂದಿಸು."

"ಎಲ್ಲಾನೂವಾ?"

"ಸುಲಿಯಾವಾಗ ಕೇಳಿದ್ಯಾ? ಈಗ್ಯಾಕೆ ಕೇಳ್ತೀಯ?"

ಜನ್ಮದಲ್ಲಿ ಲಕ್ಷಾಂತರ ಕಾಯಿ ಸುಲಿದಿದ್ದೇನೆ. ಸುಲಿದ ಕಾಯಿಗೆ ಮತ್ತೆ ಮಟ್ಟೆ ತೊಡಿಸಿದ್ದು ಅವತ್ತೊಂದೇ ದಿನ. ಎಡಗಡೆ ಮಟ್ಟೆಯ ಗುಡ್ಡೆ, ಬಲಗಡೆ ಹದಿಮೂರು ಬತ್ತಲೆ ಕಾಯಿ. ಮೇಲಿನದು ಕೊನೆಯದಕ್ಕೆ, ಅಡಿಯದು ಮೊದಲನೆಯದಕ್ಕೆ ಅಂತ ಲೆಕ್ಕ ಹಾಕಿ ಹುಡುಕಿದೆ. ಒಂದು ಹೋಳು ಹೊಂದುತ್ತಿತ್ತು, ಇನ್ನೊಂದು ಹೊಂದುತ್ತಿರಲಿಲ್ಲ. ಮದುವೆ ಮನೆಯಲ್ಲಿ ಕಳೆದುಹೋದ ಚಪ್ಪಲಿ ಹುಡುಕುವವನ ಹಾಗೆ ಒಂದೊಂದನ್ನೂ ತೊಡಿಸಿ ತೆಗೆದು ತೊಡಿಸಿ ನೋಡಿದೆ. ನಂಜುಂಡಪ್ಪ ಬಾಳೆಪಟ್ಟೆ ಸೀಳಿ ನೆನೆಹಾಕಿದ್ದರು. ಮಟ್ಟೆಯನ್ನೂ ನೀರಲ್ಲಿ ಅದ್ದಿ, ಕಾಯಿಗೆ ಒತ್ತಿ ಹಿಡಿದು, ಸುತ್ತ ಬಿಗಿದು ಕಟ್ಟಬೇಕು. ಬಿಗಿ ಹೆಚ್ಚಾದರೆ ಪಟ್ಟೆ ಕಿತ್ತು ಬರುತ್ತಿತ್ತು. ಕಡಿಮೆಯಾದರೆ ಅವರು ಮಾತಾಡದೆ ಬಿಚ್ಚಿ ನನ್ನ ಕೈಗೇ ಕೊಡುತ್ತಿದ್ದರು. ಸುಲಿಯಲಿಕ್ಕೆ ಅರ್ಧ ಗಳಿಗೆ ಹಿಡಿದಿರಲಿಲ್ಲ. ಕಟ್ಟಲಿಕ್ಕೆ ಹೊತ್ತು ಮುಳುಗಿತು. ಅಷ್ಟೂ ಹೊತ್ತಿನಲ್ಲಿ ಅವರಾಡಿದ್ದು ಎರಡೇ ಮಾತು. "ಬಿಗಿ" ಮತ್ತು "ಸಡ್ಲ".

ಪಾತಿಗೆ ಮರಳು ಹರಡಿ, ಸುಲಿಯದ ಆರನ್ನು ಒಂದು ಸಾಲು, ಕಟ್ಟಿದ ಹದಿಮೂರನ್ನು ಇನ್ನೊಂದು ಸಾಲು ಹೂತೆವು. ನಾನು ಬಾವಿಯಿಂದ ನೀರು ಹೊತ್ತೆ. ಕೊನೆಯ ಕೊಡ ಸುರಿದು, "ಬರ್ತವಾ ಅಣ್ಣ?" ಅಂದೆ.

"ನನ್ನ ಕೇಳ್ಬ್ಯಾಡ. ಅವ್ನ ಕೇಳು."

ದೀಪ ಹಚ್ಚುವ ಹೊತ್ತಿಗೆ ಗುರುಸಿದ್ದಮ್ಮ ಮುದ್ದೆ ಬಡಿಸಿದರು. ಆ ಮಜ್ಜಿಗೆ ಬಿಟ್ಟರೆ ಬೆಳಗಿನಿಂದ ಖಾಲಿ ಹೊಟ್ಟೆ. ಪಕ್ಕದಲ್ಲಿ ಚಟ್ನಿ. ಬಿರುಕು ಬಿಟ್ಟ ಆ ಕಾಯಿ ಎಲ್ಲಿ ಹೋಯಿತು ಅಂತ ನಾನು ಕೇಳಬೇಕಾಗಿರಲಿಲ್ಲ. ನನ್ನ ಕೈ ಅದರ ಕಡೆ ಹೋಗಲಿಲ್ಲ.

"ತಿನ್ನು" ಅಂದರು ನಂಜುಂಡಪ್ಪ. "ಏನು ಸುಲ್ದೆ ಅಂತ ಗೊತ್ತಾಗ್ಲಿ."

ತಿಂದೆ. ಅಷ್ಟು ಒಳ್ಳೆಯ ಚಟ್ನಿಯನ್ನು ನಾನು ಆಮೇಲೆ ತಿಂದಿಲ್ಲ. ಅಷ್ಟು ಕಷ್ಟಪಟ್ಟು ನುಂಗಿದ್ದೂ ಇಲ್ಲ. ಜಗಲಿಯ ಮೇಲೆ ಮಲಗಿದರೆ ತಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿಗೆಂದು ಒಣಗಲು ಬಿಟ್ಟ ಸಾವಿರಾರು ಕಾಯಿ. ಇಲಿ ಓಡಾಡಿದಾಗ ಒಂದೊಂದು ಲೊಡಕ್ ಅನ್ನುತ್ತಿತ್ತು. ನನ್ನನ್ನೇ ಆಡಿಕೊಂಡ ಹಾಗೆ ಕೇಳುತ್ತಿತ್ತು.

ಬೆಳಿಗ್ಗೆ ಅವರು ಪುಸ್ತಕ ತರಿಸಿಕೊಂಡು, ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಬರೆದರು. ಬಗ್ಗಿ ನೋಡುವ ಧೈರ್ಯ ನನಗಿರಲಿಲ್ಲ. ಇನ್ನೊಂದು ಗುಟ್ಟೂ ಇತ್ತು. ಕೂಡು ಬರಹವನ್ನು ನಾನು ಒಂದೊಂದೇ ಅಕ್ಷರ ಹಿಡಿದು ಓದುತ್ತಿದ್ದೆ. ಅದನ್ನು ಬೇರೆಯವರ ಎದುರು ತೋರಿಸಿಕೊಳ್ಳುವವನಲ್ಲ ನಾನು. ಕೈಮುಗಿದು, ಪುಸ್ತಕ ಕ್ಯಾರಿಯರ್ರಿಗೆ ಕಟ್ಟಿ ಹೊರಟೆ.

ತಿಪಟೂರು ದಾಟಿ ಹೊನ್ನವಳ್ಳಿಯಲ್ಲಿ ಅಂಗಡಿಯವರೊಬ್ಬರು ಊಟಕ್ಕೆ ಕರೆದರು. ವಾಡಿಕೆಯಂತೆ, "ಏನಾರ ಕೆಲ್ಸ ಕೊಡಿ" ಅಂದೆ. ಅವರು ಪುಸ್ತಕ ತಿರುವುತ್ತ ನಂಜುಂಡಪ್ಪ ಬರೆದ ಪುಟಕ್ಕೆ ಬಂದು ನಿಂತರು. ಮುಖದಲ್ಲಿ ನಗು ಹರಡಿತು. ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಓದಿದರು:

'ಈ ಹುಡುಗ ಕಳ್ಳನಲ್ಲ, ಸೋಮಾರಿಯಲ್ಲ, ಸುಳ್ಳು ಹೇಳುವವನಲ್ಲ. ಒಂದು ಹೇಳಿದರೆ ಹದಿನಾಲ್ಕು ಮಾಡುತ್ತಾನೆ. ಆದ್ದರಿಂದ ಇವನಿಗೆ ಹೊಟ್ಟೆ ತುಂಬ ಊಟ ಹಾಕಿ, ಮಲಗಲು ಜಾಗ ಕೊಡಿ. ಕೆಲಸ ಮಾತ್ರ ಕೊಡಬೇಡಿ.'

ಅಲ್ಲಿಂದ ಮುಂದೆ ನನ್ನ ನೇಮದ ಕಥೆ ಮುಗಿಯಿತು. ಚಿಕ್ಕನಾಯಕನಹಳ್ಳಿಯಲ್ಲಿ ಪೊರಕೆ ಮುಟ್ಟಲೂ ಬಿಡಲಿಲ್ಲ. ಬೋರನಕಣಿವೆಯ ಹತ್ತಿರ ಒಬ್ಬ ಅಜ್ಜಿ ಕತ್ತಿ, ಮಚ್ಚುಗಳನ್ನೆಲ್ಲ ಎತ್ತಿಟ್ಟು ನಂತರ ನನಗೆ ಎಲೆ ಹಾಕಿದಳು. ಆ ಹಾಳೆಯನ್ನು ಹರಿದು ಹಾಕಬಹುದಾಗಿತ್ತು. ಮೂರು ಸಲ ಕೈ ಇಟ್ಟೆ, ಆಗಲಿಲ್ಲ. ಹಂಪಿಗೆ ಹೋಗಿ ಬರುವವರೆಗೂ, ಬಿಟ್ಟಿ ಉಣ್ಣುವುದಿಲ್ಲ ಅಂತ ಹೊರಟವನು ನಾಡಿನ ತುಂಬ ಬಿಟ್ಟಿ ಉಂಡೆ.

ವಾಪಸ್ ಬಂದ ಮೇಲೆ ಅವರಿಗೊಂದು ಕಾರ್ಡು ಬರೆಯಬೇಕಿತ್ತು. ಹದಿನೈದು ಪೈಸೆಯ ಮಾತು. ಬರೆಯಲಿಲ್ಲ. ಬರೆದರೆ ಉತ್ತರ ಬರುತ್ತದಲ್ಲ. ಒಂದು ವರ್ಷ ಪೂರ್ತಿ, ಯಾರಾದರೂ ಕಾಯಿ ಅಲ್ಲಾಡಿಸಿದ ಸದ್ದು ಕೇಳಿದರೆ ಎದ್ದು ಬೇರೆ ಕಡೆ ಹೋಗುತ್ತಿದ್ದೆ. ಮುಂದಿನ ಮುಂಗಾರಿಗೆ ತಡೆಯಲಾರದೆ ಸೈಕಲ್ ಹತ್ತಿದೆ.

ಕರಿ ಮರವನ್ನು ಕಡಿದಿದ್ದರು. ನಂಜುಂಡಪ್ಪ ಜಗಲಿಯ ಮೇಲಿದ್ದರು. ನನ್ನನ್ನು ನೋಡಿ, ಬಾ ಅನ್ನದೆ, ಹೋಗು ಅನ್ನದೆ, ಎದ್ದು ಪಾತಿಯ ಕಡೆ ನಡೆದರು. ನಾನು ಹಿಂದೆ ಹೋದೆ.

ಮೊದಲ ಸಾಲಿನಲ್ಲಿ ಐದು ಸಸಿ, ಮೊಣಕಾಲಿನವರೆಗೆ ಹಸಿರು ಗರಿ ಬಿಟ್ಟುಕೊಂಡು ನಿಂತಿದ್ದವು. ಎರಡನೇ ಸಾಲು ಮೊದಲಿಗೆ ಬರೀ ಮರಳಾಗಿ ಕಂಡಿತು. ಆಮೇಲೆ ಕಂಡವು. ಅಲ್ಲೊಂದು, ಅಲ್ಲೊಂದು, ಮೂಲೆಯಲ್ಲಿ ಎರಡು. ಕುಳ್ಳಗೆ ಸಣಕಲಾಗಿ, ಆದರೂ ನೆಟ್ಟಗೆ. ಒಂದರ ಬುಡದಲ್ಲಿ ಬಾಳೆಪಟ್ಟೆಯ ಗಂಟು ಇನ್ನೂ ಕೊಳೆಯದೆ ಉಳಿದಿತ್ತು. ನನ್ನ ಗಂಟು.

"ಹದಿಮೂರ್ರಾಗೆ ನಾಕು" ಅಂದರು. ಬಗ್ಗಿ, ಗುದ್ದಲಿಯಿಂದ ಮೆಲ್ಲಗೆ ಬಿಡಿಸಿ, ಆ ಗಂಟಿನ ಸಸಿಯನ್ನೇ ಎತ್ತಿ ಗೋಣಿತಾಟಿನಲ್ಲಿ ಸುತ್ತಿ ನನ್ನ ಮುಂದೆ ಹಿಡಿದರು. ಅದೇ ಈಗ ನಮ್ಮ ಹಿತ್ತಲಲ್ಲಿ ಇರುವುದು.

ನಾನು ಕೈ ಚಾಚಲಿಲ್ಲ. "ಬ್ಯಾಡಿ ಅಣ್ಣ. ಹಾಳು ಮಾಡ್ದೋನು ನಾನು. ಸುಮ್ನೆ ಹೆಂಗೆ ಈಸ್ಕೊಳ್ಳಲಿ? ಇವತ್ತೊಂದಿನ ಗುಂಡಿನಾದ್ರೂ ತೋಡಿಕೊಟ್ಟು..."

"ಪುಸ್ತಕ ತಂದಿದೀಯಾ?"

"ತಂದಿದೀನಿ."

"ನಾನು ಬರೆದಿದ್ದ ತೆಗ್ದು ಓದು. ಗಟ್ಟಿಯಾಗಿ ಓದು."

ನನ್ನ ಓದು ಇಂಥದ್ದು ಅಂತ ಅಲ್ಲಿಯವರೆಗೆ ಯಾರಿಗೂ ತೋರಿಸಿದವನಲ್ಲ. ಆ ಪುಟ ಬಾಯಿಗೆ ಬರುತ್ತಿತ್ತು, ಗಡಗಡ ಒಪ್ಪಿಸಿಬಿಡಬಹುದಿತ್ತು. ಆದರೆ ಅವರು ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ತೋರಿಸುತ್ತಿದ್ದರು. ಒಂದೊಂದೇ ಅಕ್ಷರ ಹಿಡಿದು ಓದಿದೆ, ತಡವರಿಸಿ, ನಿಂತು, ಮತ್ತೆ ಶುರು ಮಾಡಿ, ಮೂರನೇ ಕ್ಲಾಸಿನ ಹುಡುಗನ ಹಾಗೆ. ಅವರು ನಗಲಿಲ್ಲ. 'ಕೆ-ಲ-ಸ ಮಾ-ತ್ರ' ಅನ್ನುವಷ್ಟರಲ್ಲಿ ಒಳಗಿನಿಂದ ಗುರುಸಿದ್ದಮ್ಮನ ದನಿ ಬಂತು:

"ಓದಿದ್ದು ಸಾಕು, ಆ ಹುಡ್ಗುನ್ನ ಒಳೀಕೆ ಕಳ್ಸ್ರೀ, ಮುದ್ದೆ ಆರೋಯ್ತೈತೆ. ಕಾಯಿ ನಾನೇ ಸುಲ್ಕಂಡಿದೀನಿ."